ಟೈಫಾಯ್ಡ್ ವಾಸಿಯಾಗಿ ಮತ್ತೆ ಮತ್ತೆ ಬರ್ತಿದೆ, ಮಂದೆಯಲ್ಲಿ ಕುರಿ ಕಂದು ಹಾಕಿದ್ದಕ್ಕೂ ಇದಕ್ಕೂ ಸಂಬಂಧ ಇರಬಹುದಾ?

ಜಗಳೂರು ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಪ್ಪನ ವಿಷಯ. ವಯಸ್ಸು ನಲವತ್ತರ ಆಸುಪಾಸು, ಕುರಿ ಮೇಯಿಸ್ತಾರೆ, ಗಟ್ಟಿ ಆಳು. ಯುಗಾದಿ ಕಳೆದಾಗಿನಿಂದ ಜ್ವರ ಬಿಟ್ಟಿಲ್ಲ. ಬೆಳಿಗ್ಗೆ ಚೆನ್ನಾಗೇ ಇರ್ತಾರೆ, ದೀಪ ಹಚ್ಚೋ ಹೊತ್ತಿಗೆ ಮೈ ಕಾಯುತ್ತೆ, ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು. ಸೊಂಟ ಹಿಡ್ಕೊಂಡು ಏಳೋಕೆ ಆಗಲ್ಲ ಅಂತಾರೆ. ಪ್ರತಿ ಸಲ ವೈಡಲ್ ಟೆಸ್ಟ್ ಮಾಡಿಸಿದಾಗಲೂ "ಟೈಫಾಯ್ಡ್ ಪಾಸಿಟಿವ್" ಅಂತ ಚೀಟಿ ಬರುತ್ತೆ, ಇಂಜೆಕ್ಷನ್ ಕೊಡ್ತಾರೆ, ಒಂದಷ್ಟು ದಿನ ಇಳಿಯುತ್ತೆ, ಮತ್ತೆ ಶುರು.

ಇನ್ನೊಂದು ವಿಷಯ. ಜ್ವರ ಬರೋದಕ್ಕೆ ಸ್ವಲ್ಪ ಮುಂಚೆ ಮಂದೆಯಲ್ಲಿ ಹಲವು ಕುರಿ ದಿನ ತುಂಬೋ ಮೊದಲೇ ಕಂದು ಹಾಕಿದ್ವು. ಎಲ್ಲ ಚಿಕ್ಕಪ್ಪನೇ ಕೈಯಾರೆ ತೆಗೆದಿದ್ದು. ಅಜ್ಜಿ "ಕುರಿಗೆ ತಗುಲಿದ ದೃಷ್ಟಿ ಇವನಿಗೂ ತಗುಲೈತೆ" ಅಂತಾಳೆ. ದೃಷ್ಟಿ ವಿಷಯ ಬಿಡಿ, ಕುರಿಯಿಂದ ಮನುಷ್ಯನಿಗೆ ಏನಾದ್ರೂ ಬರೋಕೆ ಸಾಧ್ಯನಾ?

ಬೆಣ್ಣೆದೋಸೆ:
ಟೈಫಾಯ್ಡ್ ಒಂದ್ಸಲ ರಕ್ತಕ್ಕೆ ಸೇರಿದ್ರೆ ಹೋಗಲ್ಲ ಬ್ರದರ್. ನಮ್ಮ ಮಾವನಿಗೂ ವರ್ಷಗಟ್ಟಲೆ "ರಕ್ತದಲ್ಲಿ ಟೈಫಾಯ್ಡ್" ಇತ್ತು. ಖಾರ, ಎಣ್ಣೆ ಬಿಡಿಸಿ, ಗಂಜಿ ಕೊಡಿ.

ಸ್ಲೈಡ್ ಮತ್ತು ಸಿರಿಂಜ್:
ದೋಸೆಯವರೇ, ಸ್ವಲ್ಪ ತಡೀರಿ. ನಾನು ದಾವಣಗೆರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಈ "ರಕ್ತದಲ್ಲಿ ಟೈಫಾಯ್ಡ್" ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ.

ವೈಡಲ್ ಪರೀಕ್ಷೆ 1896ರದ್ದು. ಅದು ರಕ್ತದಲ್ಲಿ ಟೈಫಾಯ್ಡ್ ಬ್ಯಾಕ್ಟೀರಿಯಾ ಇದೆಯಾ ಅಂತ ಹುಡುಕೋದಿಲ್ಲ. ಆ ಬ್ಯಾಕ್ಟೀರಿಯಾದ ವಿರುದ್ಧ ಮೈ ತಯಾರಿಸಿದ ಪ್ರತಿಕಾಯಗಳು ಇವೆಯಾ ಅಂತಷ್ಟೇ ನೋಡುತ್ತೆ. ನಮ್ಮಂಥ ಊರುಗಳಲ್ಲಿ ನೀರಿನ ಕಥೆ ಗೊತ್ತಲ್ಲ, ಟೈಫಾಯ್ಡ್ ಜಾತಿಯ ಸಾಲ್ಮೊನೆಲ್ಲಾ ಯಾವಾಗಲೋ ಒಮ್ಮೆ ಹೊಟ್ಟೆಗೆ ಹೋಗಿಬಂದಿರುತ್ತೆ. ಲಸಿಕೆ ಹಾಕಿಸಿಕೊಂಡಿದ್ರೂ ಪ್ರತಿಕಾಯ ಇರುತ್ತೆ. ಬೇರೆ ಯಾವುದೋ ಜ್ವರ ಬಂದಾಗಲೂ ಹಳೇ ಪ್ರತಿಕಾಯ ಏರಬಹುದು. ಆದ್ದರಿಂದ ಒಂದೇ ಸಲ ಮಾಡಿದ ವೈಡಲ್‌ನಲ್ಲಿ 1:80 ಬಂತು (ಸೀರಂ, ಅಂದ್ರೆ ರಕ್ತದ ತಿಳಿ, ಎಂಬತ್ತು ಪಟ್ಟು ತೆಳು ಮಾಡಿದ್ರೂ ಪ್ರತಿಕಾಯ ಕಾಣುತ್ತೆ) ಅಂದ್ರೆ ಅದು ಹೇಳೋದು ತೀರಾ ಕಡಿಮೆ. ಸರಿಯಾಗಿ ಮಾಡೋದಾದ್ರೆ ವಾರ ಹತ್ತು ದಿನದ ಅಂತರದಲ್ಲಿ ಎರಡು ಸಲ ನೋಡಿ, ಮಟ್ಟ ನಾಲ್ಕು ಪಟ್ಟು ಏರಿದೆಯಾ ಅಂತ ಹೋಲಿಸಬೇಕು. ಯಾರು ಕಾಯ್ತಾರೆ? ನಂಬುವಂಥದ್ದು ಬ್ಲಡ್ ಕಲ್ಚರ್, ಅಂದ್ರೆ ರಕ್ತದಲ್ಲಿರೋ ಬ್ಯಾಕ್ಟೀರಿಯಾವನ್ನೇ ಬೆಳೆಸಿ ನೋಡೋದು, ಅದೂ ಆಂಟಿಬಯೋಟಿಕ್ ಶುರು ಮಾಡೋ ಮುಂಚೆ.

ನಿಮ್ಮ ಚಿಕ್ಕಪ್ಪನಿಗೆ ಒಂದಾದರೂ ಕಲ್ಚರ್ ಆಗಿದೆಯಾ?

ಜಗಳೂರು ಹುಡುಗ:
ಇಲ್ಲ ಅಕ್ಕ. ಬರೀ ವೈಡಲ್. ಒಂದು ಕಡೆ ಮಲೇರಿಯಾ, ಡೆಂಗ್ಯೂನೂ ನೋಡಿದ್ರು, ಎರಡೂ ಇಲ್ಲ ಅಂದ್ರು.

ಚಳ್ಳಕೆರೆ ಡಾಕ್ಟ್ರು (ದನದ್ದು):
ನಾನು ಪಶುವೈದ್ಯ. ಮನುಷ್ಯರ ಜ್ವರದ ಬಗ್ಗೆ ತೀರ್ಪು ಕೊಡೋದು ನನ್ನ ಕೆಲಸ ಅಲ್ಲ. ಆದರೆ "ಹಲವು ಕುರಿ ಕಂದು ಹಾಕಿದ್ವು, ಕೈಯಾರೆ ತೆಗೆದರು, ಆಮೇಲೆ ಸಂಜೆ ಜ್ವರ, ಬೆವರು, ಸೊಂಟನೋವು" ಇಷ್ಟನ್ನ ಒಂದೇ ಉಸಿರಲ್ಲಿ ಓದಿದ ಯಾವ ಪಶುವೈದ್ಯನಿಗೂ ಮೊದಲು ನೆನಪಾಗೋದು ಕಂದು ರೋಗ, ಅಂದ್ರೆ ಬ್ರೂಸೆಲ್ಲೋಸಿಸ್. ನಮ್ಮಲ್ಲೇ ಎಷ್ಟೋ ಜನಕ್ಕೆ ಇದು ತಗುಲಿದೆ, ಇದು ನಮ್ಮ ವೃತ್ತಿಯ ರೋಗ.

ದನದ್ದು ಬ್ರೂಸೆಲ್ಲಾ ಅಬಾರ್ಟಸ್ ಅನ್ನೋ ಬ್ಯಾಕ್ಟೀರಿಯಾ. ಕುರಿ ಮೇಕೆಯದ್ದು ಬ್ರೂಸೆಲ್ಲಾ ಮೆಲಿಟೆನ್ಸಿಸ್, ಮನುಷ್ಯನ ಮಟ್ಟಿಗೆ ಇದೇ ಹೆಚ್ಚು ಒರಟು. ಗರ್ಭದ ಕುರಿಗೆ ಸೇರಿದಾಗ ಮಾಸಿನಲ್ಲಿ ವಿಪರೀತ ಬೆಳೆಯುತ್ತೆ. ಕಾರಣ ಕೇಳಿದ್ರೆ ಆಶ್ಚರ್ಯ ಆಗುತ್ತೆ. ದನ, ಕುರಿ, ಮೇಕೆಗಳ ಮಾಸಿನಲ್ಲಿ ಎರಿಥ್ರಿಟಾಲ್ ಅನ್ನೋ ಒಂದು ಸಿಹಿ ವಸ್ತು ಇರುತ್ತೆ, ಈ ಬ್ಯಾಕ್ಟೀರಿಯಾಕ್ಕೆ ಗ್ಲೂಕೋಸ್‌ಗಿಂತ ಅದೇ ಇಷ್ಟ. ಹಾಗಾಗಿ ಬಿದ್ದ ಕಂದು, ಮಾಸು, ಆ ನೀರು ಎಲ್ಲದರಲ್ಲೂ ಕೋಟಿಗಟ್ಟಲೆ ಇರುತ್ತೆ. ಬರಿಗೈಲಿ ಎಳೆದ್ರೆ ಬೆರಳಿನ ಸಣ್ಣ ಗೀರು ಸಾಕು. ಮುಖ ಹತ್ತಿರ ತಂದಿದ್ರೆ ಉಸಿರಲ್ಲೇ ಹೋಗುತ್ತೆ, ಕಣ್ಣಿಗೆ ಹಾರಿದ್ರೂ ಹೋಗುತ್ತೆ. ಹತ್ತರಿಂದ ನೂರು ಬ್ಯಾಕ್ಟೀರಿಯಾ ಉಸಿರಲ್ಲಿ ಹೋದ್ರೂ ರೋಗ ಬರಬಹುದು.

ಕಂದುಗಳನ್ನ ಏನು ಮಾಡಿದ್ರಿ? ನಾಯಿಗೆ ಹಾಕಿಲ್ಲ ತಾನೆ?

ಜಗಳೂರು ಹುಡುಗ:
ರೊಪ್ಪದ ಹಿಂದೆ ಬೇಲಿಗೆ ಎಸೆದಿದ್ರು ಸರ್. ನಾಯಿ ಎಳ್ಕೊಂಡು ಹೋದ್ವು.

ಕೋಟೆ ಗಾಳಿ:
ಇದೆಲ್ಲ ಹೆದರಿಸೋ ಮಾತು. ನಾನು ದುರ್ಗದವನು, ನಮ್ಮ ತಾತ ಮುತ್ತಾತ ಎಲ್ಲ ಕುರಿ ಸಾಕಿದವರೇ. ಕೆಚ್ಚಲಿಗೆ ಬಾಯಿ ಹಚ್ಚಿ ನೊರೆಹಾಲು ಕುಡಿದವರು. ತೊಂಬತ್ತು ವರ್ಷ ಬದುಕಿದ್ರು. ನಾನೂ ಈಗಲೂ ಮೇಕೆ ಹಾಲು ಹಸಿದೇ ಕುಡಿಯೋದು. ಕಾಯಿಸಿದ್ರೆ ಸತ್ವ ಹೋಗುತ್ತೆ. ಪ್ಯಾಕೆಟ್ ಹಾಲು ಕುಡಿಯೋರಿಗೇ ಎಲ್ಲ ರೋಗ.

ತೋಳಹುಣಸೆ ಮೈಕ್ರೋ:
ಕೋಟೆ ಗಾಳಿಯವರೇ, ತೊಂಬತ್ತು ಬದುಕಿದ ತಾತ ನಿಮಗೆ ನೆನಪಿದ್ದಾರೆ. ಸೊಂಟ ಬಿದ್ದು ಜಗಲಿ ಮೇಲೆ ಕೂತ ದೊಡ್ಡಪ್ಪಂದಿರ ಲೆಕ್ಕ ಯಾರೂ ಇಡಲಿಲ್ಲ. ನಿಮ್ಮ ವಾದಕ್ಕೆ ಮಾಲ್ಟಾ ದ್ವೀಪದಲ್ಲೇ ಉತ್ತರ ಸಿಕ್ಕಿದೆ, ಅದೂ ಮೇಕೆ ಹಾಲಿನದ್ದೇ.

ಅಲ್ಲಿದ್ದ ಬ್ರಿಟಿಷ್ ಸೈನಿಕರಿಗೆ ತಿಂಗಳುಗಟ್ಟಲೆ ಏರಿಳಿಯೋ ಜ್ವರ. 1887ರಲ್ಲಿ ಡೇವಿಡ್ ಬ್ರೂಸ್ ಅನ್ನೋ ಸೇನಾ ವೈದ್ಯ, ಸತ್ತ ಸೈನಿಕರ ಗುಲ್ಮದಿಂದ ಈ ಬ್ಯಾಕ್ಟೀರಿಯಾ ಬೆಳೆಸಿದ. ಹೆಸರು ಬಂದಿದ್ದು ಅವನಿಂದಲೇ. ಆದ್ರೆ ಅದು ಎಲ್ಲಿಂದ ಬರುತ್ತೆ ಅಂತ ಗೊತ್ತಾಗೋಕೆ ಇನ್ನೂ ಹದಿನೆಂಟು ವರ್ಷ ಹಿಡೀತು. ನೀರು, ಗಾಳಿ, ಧೂಳು, ಸೊಳ್ಳೆ ಎಲ್ಲದರ ಮೇಲೂ ಅನುಮಾನ ಪಟ್ಟರು. ಮೇಕೆ ಮೇಲೆ ಯಾರಿಗೂ ಅನುಮಾನ ಇಲ್ಲ, ಯಾಕಂದ್ರೆ ಮೇಕೆಗಳು ಮೈಕೈ ತುಂಬಿಕೊಂಡು ಚೆನ್ನಾಗಿದ್ವು. 1905ರಲ್ಲಿ ಮಾಲ್ಟಾದವನೇ ಆದ ಥೆಮಿಸ್ಟೊಕ್ಲೀಸ್ ಝಮ್ಮಿಟ್ ಮೇಕೆಗಳ ರಕ್ತ ಪರೀಕ್ಷೆ ಮಾಡಿ, ಆರೋಗ್ಯವಾಗಿ ಕಾಣೋ ಮೇಕೆಯ ಹಾಲಲ್ಲೇ ಬ್ಯಾಕ್ಟೀರಿಯಾ ಬರ್ತಿದೆ ಅಂತ ತೋರಿಸಿದ. ಮರುವರ್ಷ ಸೇನೆ ಮೇಕೆ ಹಾಲು ನಿಲ್ಲಿಸಿತು, ಸೈನಿಕರಲ್ಲಿ ಜ್ವರ ಧಡಕ್ಕನೆ ಇಳೀತು. ಹಸಿ ಹಾಲು ಬಿಡದ ಊರಿನ ಜನರಲ್ಲಿ ಮುಂದುವರೀತು. ಅದೇ ದ್ವೀಪ, ಅದೇ ಗಾಳಿ, ಅದೇ ಬಿಸಿಲು. ಬೇರೆ ಆಗಿದ್ದು ಹಾಲು ಒಂದೇ.

ಸತ್ವದ ಬಗ್ಗೆ: ಹಾಲು ಉಕ್ಕು ಬಂದ್ರೆ ಬ್ರೂಸೆಲ್ಲಾ ಸಾಯುತ್ತೆ. ಅಷ್ಟೂ ಬೇಡ, ಡೈರಿಯಲ್ಲಿ 72 ಡಿಗ್ರಿಗೆ 15 ಸೆಕೆಂಡ್ ಕಾಯಿಸೋದೇ ಸಾಕು. ಪ್ರೋಟೀನು, ಕ್ಯಾಲ್ಸಿಯಂ ಎಲ್ಲಿಗೂ ಓಡಿಹೋಗಲ್ಲ.

ಬೆಣ್ಣೆದೋಸೆ:
ಸರಿ, ಆದ್ರೆ ನನಗೆ ಅರ್ಥ ಆಗದ್ದು ಇದು. ಬ್ಯಾಕ್ಟೀರಿಯಾ ಅಂದ್ರೆ ಬ್ಯಾಕ್ಟೀರಿಯಾ. ಅಷ್ಟೊಂದು ಇಂಜೆಕ್ಷನ್ ಕೊಟ್ಟಿದಾರೆ, ಮೈಯಲ್ಲಿ ಬಿಳಿ ರಕ್ತಕಣನೂ ಇದೆ. ಸಾಯಬೇಕಲ್ವಾ? ಎಲ್ಲಿ ಅಡಗಿಕೊಂಡಿರುತ್ತೆ?

ತೋಳಹುಣಸೆ ಮೈಕ್ರೋ:
ಆಹಾ, ಇದು ನನ್ನ ಎಂ.ಎಸ್ಸಿ. ಸೆಮಿನಾರಿನ ವಿಷಯ. ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಅಡಗೋದು ಆ ಬಿಳಿ ಕಣದ ಒಳಗೇ! ಮ್ಯಾಕ್ರೋಫೇಜ್ ಅಂತ ಕರೆಯೋ ದೊಡ್ಡ ಭಕ್ಷಕ ಕಣಗಳ ಕೆಲಸ ಏನು? ಪರಕೀಯವಾಗಿದ್ದನ್ನ ನುಂಗೋದು. ನುಂಗಿದ್ದು ಒಂದು ಸಣ್ಣ ಚೀಲದಲ್ಲಿರುತ್ತೆ. ಆ ಚೀಲ ಹೋಗಿ ಲೈಸೋಸೋಮ್ ಜೊತೆ ಕೂಡುತ್ತೆ, ಅದರಲ್ಲಿ ಆಮ್ಲ ಮತ್ತು ಜೀರ್ಣಕಾರಿ ಕಿಣ್ವಗಳು. ಅಲ್ಲಿಗೆ ಬ್ಯಾಕ್ಟೀರಿಯಾ ಕಥೆ ಮುಗೀಬೇಕು.

ಬ್ರೂಸೆಲ್ಲಾದ ಬಹುಪಾಲು ಅಲ್ಲೇ ಸಾಯುತ್ತೆ ಕೂಡ. ಉಳಿದ ಕೆಲವೇ ಕೆಲವು ಮಾಡೋ ಕೆಲಸ ನೋಡಿ. ಚೀಲದಲ್ಲಿ ಹುಳಿ ಏರೋದನ್ನೇ ಇವು ಸೂಚನೆ ಅಂತ ತಗೊಳ್ತವೆ. ಹುಳಿ ಏರಿದ ತಕ್ಷಣ ವಿರ್‌ಬಿ ಅನ್ನೋ ಜೀನ್‌ಗಳ ಗುಂಪು ಚಾಲೂ ಆಗುತ್ತೆ. ಆ ಜೀನ್‌ಗಳಿಂದ ಸೂಜಿಯಂಥ ಒಂದು ರಚನೆ ತಯಾರಾಗಿ, ಅದರ ಮೂಲಕ ತನ್ನ ಪ್ರೋಟೀನುಗಳನ್ನ ಚೀಲದ ಗೋಡೆ ದಾಟಿಸಿ ನಮ್ಮ ಜೀವಕೋಶದೊಳಕ್ಕೆ ಚುಚ್ಚುತ್ತೆ. ಆ ಪ್ರೋಟೀನುಗಳು ಚೀಲದ ದಾರಿ ತಿರುಗಿಸುತ್ತವೆ. ನಮ್ಮ ಜೀವಕೋಶ ಪ್ರೋಟೀನು ತಯಾರಿಸೋ ಜಾಗ, ಅಂದ್ರೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್, ಅದರ ಪೊರೆಯನ್ನೇ ಆ ಚೀಲ ಹೊದ್ದುಕೊಳ್ಳುತ್ತೆ. ಅಲ್ಲಿ ನಿರುಂಬಳವಾಗಿ ಎರಡು ನಾಲ್ಕಾಗುತ್ತೆ, ನಾಲ್ಕು ಎಂಟಾಗುತ್ತೆ. ಕಳ್ಳ ಪೊಲೀಸ್ ಠಾಣೆಯಲ್ಲೇ ರೂಮು ಬಾಡಿಗೆಗೆ ಹಿಡಿದ ಹಾಗೆ. ಜೊತೆಗೆ, ಸೋಂಕು ತಗುಲಿದ ಕಣ ತಾನೇ ಸತ್ತುಹೋಗೋ ಒಂದು ವ್ಯವಸ್ಥೆ ಇರುತ್ತಲ್ಲ, ಅದನ್ನೂ ತಡೆಯುತ್ತೆ. ಮನೆ ಬಿದ್ದರೆ ಇವನಿಗೇ ನಷ್ಟ.

ಇನ್ನೊಂದು ಕಡೆ ನನಗೆ ಇದಕ್ಕಿಂತ ಕುತೂಹಲ. ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಗಳ ಹೊರಪೊರೆಯ ಕೊಬ್ಬಿನ ಭಾಗ ನಮ್ಮ ರೋಗನಿರೋಧಕ ವ್ಯವಸ್ಥೆಗೆ ಜೋರು ಗಂಟೆ ಬಾರಿಸುತ್ತೆ. ಬ್ರೂಸೆಲ್ಲಾದ ಕೊಬ್ಬಿನ ರಚನೆ ಬೇರೆ ಥರ, ನಮ್ಮ ಗ್ರಾಹಕಗಳಿಗೆ ಅದು ಸರಿಯಾಗಿ ಅಂಟೋದೇ ಇಲ್ಲ. ವಿಷ ಉಗುಳಲ್ಲ, ಗಲಾಟೆ ಮಾಡಲ್ಲ. ಅದಕ್ಕೇ ಸೋಂಕು ತಗುಲಿ ಜ್ವರ ಬರೋ ಹೊತ್ತಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ, ಕೆಲವರಲ್ಲಿ ತಿಂಗಳುಗಳೇ ಕಳೆದಿರುತ್ತೆ. ಅಷ್ಟರೊಳಗೆ ಗುಲ್ಮ, ಯಕೃತ್ತು, ಮೂಳೆಮಜ್ಜೆ, ಸೊಂಟದ ಕೀಲು ಎಲ್ಲ ಕಡೆ ಹೋಗಿ ಕೂತಿರುತ್ತೆ.

ಇಂಜೆಕ್ಷನ್ನಿಗೆ ಯಾಕೆ ಬಗ್ಗಲ್ಲ ಅನ್ನೋದಕ್ಕೂ ಉತ್ತರ ಇಲ್ಲೇ ಇದೆ. ಔಷಧಿ ರಕ್ತದಲ್ಲಿ ಇದ್ರೆ ಸಾಲದು, ಜೀವಕೋಶದ ಒಳಗೆ ಹೋಗಬೇಕು, ಅದೂ ವಾರಗಟ್ಟಲೆ ಇರಬೇಕು. ಟೈಫಾಯ್ಡಿಗೆ ಅಂತ ಕೊಟ್ಟ ಚಿಕ್ಕ ಕೋರ್ಸಿಗೆ ಇದು ಪೂರ್ತಿ ಹೋಗಲ್ಲ. ಜ್ವರ ಹೇಗೂ ತಾನಾಗೇ ಏರಿಳಿಯೋ ಜಾತಿಯದ್ದು. ಇಳಿದಾಗ ಇಂಜೆಕ್ಷನ್ನಿಗೆ ಹೆಸರು ಬರುತ್ತೆ, ಏರಿದಾಗ "ಮತ್ತೆ ಟೈಫಾಯ್ಡ್" ಅಂತ ಹೊಸ ಚೀಟಿ.

ಕೊನೆಗೊಂದು ಪಕ್ಕದ ಮಾತು, ಬಿಡೋಕೆ ಮನಸ್ಸಿಲ್ಲ. ಚಳ್ಳಕೆರೆ ಕಡೆ ಶೇಂಗಾ ಕಿತ್ತಾಗ ಬೇರಲ್ಲಿ ಸಣ್ಣ ಗಂಟು ಕಾಣ್ತವಲ್ಲ, ಸಾರಜನಕ ಹಿಡಿದು ಕೊಡೋ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾ, ಅವು ಬ್ರೂಸೆಲ್ಲಾದ ದಾಯಾದಿಗಳು! ಕುದುರೆ ಮಸಾಲೆ ಸೊಪ್ಪಿನ ಬೇರಿನ ಗಂಟಲ್ಲಿ ಬದುಕೋಕೆ ಆ ಬ್ಯಾಕ್ಟೀರಿಯಾಕ್ಕೆ ಬ್ಯಾಕ್‌-ಎ ಅನ್ನೋ ಪ್ರೋಟೀನು ಬೇಕೇ ಬೇಕು. ಅದೇ ಪ್ರೋಟೀನು ಇಲ್ಲದಿದ್ರೆ ಬ್ರೂಸೆಲ್ಲಾ ಪ್ರಾಣಿಯ ಮೈಯಲ್ಲಿ ಬಹಳ ಕಾಲ ಉಳಿಯಲ್ಲ ಅಂತ 2000ದಲ್ಲಿ ಇಲಿಗಳ ಮೇಲಿನ ಪ್ರಯೋಗದಲ್ಲಿ ಕಂಡುಬಂತು. ಒಬ್ಬ ರೈತನಿಗೆ ಗೊಬ್ಬರ ಕೊಡ್ತಾನೆ, ಇನ್ನೊಬ್ಬ ಕುರಿಗಾರನ ಸೊಂಟ ಮುರಿತಾನೆ. ಬೇರೆ ಜೀವಿಯ ಕೋಶದೊಳಗೆ ಬದುಕೋ ಕಲೆ ಮಾತ್ರ ಒಂದೇ ಮನೆಯದ್ದು.

ಭದ್ರಾ ನಾಲೆ:
ಓದಿ ಖುಷಿ ಆಯ್ತು ತಮ್ಮ. ಆದ್ರೆ ಬ್ರೂಸೆಲ್ಲಾನೇ ಅಂತ ಈಗಲೇ ಗಂಟು ಹಾಕಬೇಡಿ. ನಾನು ಹರಿಹರದ ಕಡೆ ಭತ್ತ ಬೆಳೆಯೋನು. ನಮ್ಮ ಕೆಲಸದಾಳಿಗೆ ಹೀಗೇ ಟೈಫಾಯ್ಡ್ ಅಂತ ಔಷಧಿ ಆಯ್ತು, ಕೊನೆಗೆ ನೋಡಿದ್ರೆ ಇಲಿ ಜ್ವರ. ಕೆಸರುಗದ್ದೆಯಲ್ಲಿ ಇಲಿ ಉಚ್ಚೆ, ಕಾಲಲ್ಲಿ ಬಿರುಕು, ಅಲ್ಲಿಂದ ಒಳಗೆ.

ಸ್ಲೈಡ್ ಮತ್ತು ಸಿರಿಂಜ್:
ಸರಿಯಾದ ಮಾತು. ಪೊದೆ ಕುರುಚಲಲ್ಲಿ ಓಡಾಡೋರಾದ್ರೆ ಸ್ಕ್ರಬ್ ಟೈಫಸ್ ಕೂಡ ಇದೆ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಕಚ್ಚಿ ಬರೋ ಜ್ವರ. ಕಂಕುಳು, ತೊಡೆಸಂದಿ, ಸೊಂಟಪಟ್ಟಿಯ ಕೆಳಗೆ ಸಿಗರೇಟಿನಿಂದ ಸುಟ್ಟಂಥ ಕಪ್ಪು ಗಾಯ ಇದೆಯಾ ನೋಡಿ. ಅದು ನೋಯಲ್ಲ, ಹಾಗಾಗಿ ರೋಗಿ ತಾನಾಗಿ ಹೇಳಲ್ಲ.

ಮೆಡಿಸಿನ್ ಪಿ.ಜಿ.:
ತಡವಾಗಿ ಬಂದೆ, ಡ್ಯೂಟಿ ಇತ್ತು. ಪರೀಕ್ಷೆ ಮಾಡದೆ ಇಲ್ಲಿ ಯಾರೂ ರೋಗ ನಿರ್ಧಾರ ಮಾಡೋಕಾಗಲ್ಲ, ನಾನೂ ಸೇರಿ. ಆದರೆ ಎರಡು ವಿಷಯ ಹೇಳಲೇಬೇಕು.

ಒಂದು, ಸಂಜೆ ಜ್ವರ, ರಾತ್ರಿ ಬೆವರು, ಬೆನ್ನುನೋವು, ತೂಕ ಇಳಿಕೆ ಅಂದ್ರೆ ನಮ್ಮ ತಲೆಗೆ ಮೊದಲು ಬರೋದು ಕ್ಷಯ. ಬೆನ್ನುಮೂಳೆಗೆ ಎರಡೂ ತಗುಲ್ತವೆ. ಸಾಮಾನ್ಯವಾಗಿ ಕ್ಷಯ ಮೂಳೆಯನ್ನೇ ಕುಸಿಯುವಂತೆ ಮಾಡುತ್ತೆ, ಬ್ರೂಸೆಲ್ಲಾ ಸೊಂಟದ ಭಾಗವನ್ನೇ ಹೆಚ್ಚಾಗಿ ಹಿಡಿಯುತ್ತೆ, ಮೂಳೆಯ ಆಕಾರ ಬಹುಮಟ್ಟಿಗೆ ಉಳಿದಿರುತ್ತೆ. ಆದ್ರೂ ಸ್ಕ್ಯಾನ್ ನೋಡಿ ಮೋಸ ಹೋಗೋದು ಸುಲಭ. ಕ್ಷಯದ ಮುಖ್ಯ ಔಷಧಿ ರಿಫಾಂಪಿಸಿನ್ ಬ್ರೂಸೆಲ್ಲಾಗೂ ಕೆಲಸ ಮಾಡುತ್ತೆ. ಅನುಮಾನದ ಮೇಲೆ ಕ್ಷಯದ ಗುಳಿಗೆ ಶುರು ಮಾಡಿದ್ರೆ ರೋಗಿ ಸ್ವಲ್ಪ ಚೇತರಿಸ್ಕೊಳ್ತಾನೆ, ನಾವು ನಮ್ಮ ಊಹೆ ಸರಿ ಅಂದುಕೊಳ್ತೀವಿ. ಅದಕ್ಕೇ ಮೊದಲು ಪರೀಕ್ಷೆ.

ಎರಡು, ನೀವು ವೈದ್ಯರ ಮುಂದೆ ಕೂತ ತಕ್ಷಣ "ಕುರಿ ಸಾಕ್ತೀವಿ, ಇಷ್ಟು ದಿನದ ಹಿಂದೆ ಕಂದು ಹಾಕಿದ್ವು, ಕೈಯಲ್ಲಿ ತೆಗೆದೆ, ಹಸಿ ಹಾಲು ಕುಡೀತೀನಿ" ಅಂತ ನೀವಾಗೇ ಹೇಳಿ. ಒಪಿಡಿಯ ನೂಕುನುಗ್ಗಲಲ್ಲಿ ನಾವು "ನಿಮ್ಮ ಕಸುಬು ಏನು" ಅಂತ ಕೇಳೋದು ಕಡಿಮೆ. ಕೇಳಬೇಕು, ಆದ್ರೆ ಕೇಳಲ್ಲ.

ಸ್ಲೈಡ್ ಮತ್ತು ಸಿರಿಂಜ್:
ಲ್ಯಾಬಿಗೂ ಹೇಳಿ! ಬ್ಲಡ್ ಕಲ್ಚರ್ ಬಾಟಲಿ ಜೊತೆ "ಬ್ರೂಸೆಲ್ಲಾ ಅನುಮಾನ" ಅಂತ ಬರೆದು ಕಳಿಸಿದ್ರೆ ಎರಡು ಲಾಭ. ಇದು ನಿಧಾನಕ್ಕೆ ಬೆಳೆಯೋದು, ಬೇಗ ಬಿಸಾಡದೆ ವಾರಗಟ್ಟಲೆ ಇಟ್ಟು ನೋಡ್ತಾರೆ. ಮತ್ತೆ ಲ್ಯಾಬಿನವರಿಗೇ ಅತಿ ಹೆಚ್ಚು ತಗುಲೋ ಬ್ಯಾಕ್ಟೀರಿಯಾಗಳಲ್ಲಿ ಇದೂ ಒಂದು, ಗೊತ್ತಿಲ್ಲದೆ ತೆರೆದ ಮೇಜಿನ ಮೇಲೆ ಪ್ಲೇಟ್ ತೆಗೆದು ಮೂಸಿದ್ರೆ ಮುಗೀತು. ಮೊದಲ ಹೆಜ್ಜೆಗೆ ರೋಸ್ ಬೆಂಗಾಲ್ ಟೆಸ್ಟ್ ಇದೆ, ಗುಲಾಬಿ ಬಣ್ಣದ ದ್ರಾವಣದ ಜೊತೆ ಸೀರಂ ಕಲಸಿದ್ರೆ ಕೆಲವೇ ನಿಮಿಷದಲ್ಲಿ ಗರಣೆ ಕಟ್ಟುತ್ತೆ. ಪಾಸಿಟಿವ್ ಬಂದ್ರೆ ಪ್ರತಿಕಾಯ ಎಷ್ಟಿದೆ ಅಂತ ಅಳೆಯೋ ಟ್ಯೂಬ್ ಪರೀಕ್ಷೆ.

ಜಗಳೂರು ಹುಡುಗ:
ಎಲ್ಲರಿಗೂ ದೊಡ್ಡ ನಮಸ್ಕಾರ. ದಾವಣಗೆರೆಗೆ ಕರ್ಕೊಂಡು ಬಂದು ತೋರಿಸಿದ್ವಿ. ಹೇಳಿಕೊಟ್ಟ ಹಾಗೇ ಕುರಿ ಕಥೆ ಮೊದಲು ಹೇಳಿದೆ, ಡಾಕ್ಟ್ರು ಪೆನ್ನು ಕೆಳಗಿಟ್ಟು ಕೇಳಿಸ್ಕೊಂಡ್ರು. ರೋಸ್ ಬೆಂಗಾಲ್ ಪಾಸಿಟಿವ್. ಟ್ಯೂಬ್ ಪರೀಕ್ಷೆ 1:640. ಡಾಕ್ಸಿಸೈಕ್ಲಿನ್ ಆರು ವಾರ, ಜೊತೆಗೆ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಶುರು ಮಾಡಿದಾರೆ. ಚಿಕ್ಕಪ್ಪ "ಆರು ವಾರನಾ?" ಅಂತ ಬಾಯಿ ಬಿಟ್ರು.

ಒಂದು ಪ್ರಶ್ನೆ. ಚಿಕ್ಕಮ್ಮ, ಮಕ್ಕಳು ಒಂದೇ ಮನೆಯಲ್ಲಿದ್ದಾರೆ. ಇವರಿಂದ ಅವರಿಗೆ ಹರಡುತ್ತಾ?

ಮೆಡಿಸಿನ್ ಪಿ.ಜಿ.:
ಒಳ್ಳೇದಾಯ್ತು. ಮನುಷ್ಯನಿಂದ ಮನುಷ್ಯನಿಗೆ ಹರಡೋದು ತೀರಾ ಅಪರೂಪ. ತಟ್ಟೆ ಲೋಟ ಬೇರೆ ಇಡೋ ಅಗತ್ಯ ಇಲ್ಲ. ಆದ್ರೆ ಅವರೂ ಅದೇ ಹಾಲು ಕುಡಿದಿದ್ದಾರೆ, ಅದೇ ರೊಪ್ಪ ಗುಡಿಸಿದ್ದಾರೆ. ಯಾರಿಗಾದ್ರೂ ಜ್ವರ, ಕೀಲುನೋವು ಇದ್ರೆ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಬಸುರಿ ಇದ್ರೆ ತಪ್ಪದೆ ಹೇಳಿ, ಗರ್ಭಪಾತದ ಅಪಾಯ ಇದೆ, ಅವರಿಗೆ ಔಷಧಿಯೂ ಬೇರೆ.

ಮೂರನೇ ವಾರಕ್ಕೆ ಆರಾಮಾಯ್ತು ಅಂತ ಗುಳಿಗೆ ನಿಲ್ಲಿಸ್ತಾರೆ ನೋಡಿ, ಅಲ್ಲಿ ನೀವು ಕಾವಲಿರಬೇಕು. ಪೂರ್ತಿ ಮುಗಿಸಿದವರಲ್ಲೂ ಕೆಲವರಿಗೆ ಮರುಕಳಿಸುತ್ತೆ. ಚಿಕಿತ್ಸೆ ಮುಗಿದ ಮೇಲೂ ಟ್ಯೂಬ್ ಪರೀಕ್ಷೆ ಬಹಳ ದಿನ ಪಾಸಿಟಿವ್ ಇರಬಹುದು, ಬರೀ ಚೀಟಿ ನೋಡಿ ಮತ್ತೆ ಗುಳಿಗೆ ನುಂಗಬೇಡಿ.

ತೋಳಹುಣಸೆ ಮೈಕ್ರೋ:
ಚಿಕ್ಕಪ್ಪನಿಗೆ ಆಲಿಸ್ ಇವಾನ್ಸ್ ಕಥೆ ಹೇಳು. ದನದ ಬ್ಯಾಕ್ಟೀರಿಯಾ, ಮಾಲ್ಟಾದ ಮೇಕೆಯದ್ದು ಎರಡೂ ಹತ್ತಿರದ ನೆಂಟರು, ಹಾಲು ಕಾಯಿಸಿ ಕುಡೀಬೇಕು ಅಂತ 1918ರಲ್ಲಿ ಅಮೆರಿಕದಲ್ಲಿ ಹೇಳಿದ ಹೆಂಗಸು. ಡಾಕ್ಟರೇಟ್ ಇಲ್ಲ, ಹೆಣ್ಣು ಬೇರೆ, ದೊಡ್ಡವರು ನಂಬಲಿಲ್ಲ. 1922ರಲ್ಲಿ ಅದೇ ಕೆಲಸ ಮಾಡ್ತಾ ಆಕೆಗೇ ಸೋಂಕಾಯ್ತು, ಎರಡು ದಶಕ ಬಿಟ್ಟು ಬಿಟ್ಟು ಕಾಡಿತು. ವೈದ್ಯರು "ನರದೌರ್ಬಲ್ಯ" ಅಂದುಬಿಟ್ಟಿದ್ರು. ಆಗ ಈ ಔಷಧಿಗಳೂ ಇರಲಿಲ್ಲ.

ಜಗಳೂರು ಹುಡುಗ:
ಹೇಳ್ತೀನಿ. ಚಳ್ಳಕೆರೆ ಸರ್, ನಿಮಗೊಂದು ಪ್ರಶ್ನೆ. ಕಂದು ಹಾಕಿದ ಕುರಿಗಳನ್ನ ಸಂತೆಗೆ ಹೊಡೆದುಬಿಡೋಣ ಅಂತಿದಾರೆ ಚಿಕ್ಕಪ್ಪ. ಆಸ್ಪತ್ರೆ ಖರ್ಚಿಗೂ ಆಗುತ್ತೆ ಅಂತ.

ಚಳ್ಳಕೆರೆ ಡಾಕ್ಟ್ರು (ದನದ್ದು):
ಅದು ಮಾತ್ರ ಬೇಡ. ಆ ಕುರಿ ಕೊಂಡ ಮನುಷ್ಯನ ಮಂದೆಗೂ ಹೋಗುತ್ತೆ, ಅವನ ಮನೆಗೂ ಹೋಗುತ್ತೆ. ನಿಮ್ಮ ಮಂದೆಗೆ ಬಂದಿದ್ದೂ ಯಾವುದೋ ಸಂತೆಯಿಂದಲೇ ಇರಬಹುದು.

ಮೊದಲು ನಿಮ್ಮ ಪಶು ಆಸ್ಪತ್ರೆಗೆ ತಿಳಿಸಿ ಪೂರ್ತಿ ಮಂದೆಯ ರಕ್ತ ಪರೀಕ್ಷೆ ಮಾಡಿಸಿ, ಟಗರುಗಳದ್ದೂ. ಅಲ್ಲಿಯವರೆಗೆ ಕಂದು ಹಾಕಿದವನ್ನ ಬೇರೆ ಕಟ್ಟಿ. ಇನ್ನು ಮುಂದೆ ಮರಿ ಹಾಕಿಸುವಾಗ ಕೈಗವಸು, ಮೂಗಿಗೆ ಬಟ್ಟೆ. ಮಾಸು, ಸತ್ತ ಮರಿ ಎಲ್ಲ ಆಳದ ಗುಂಡಿಗೆ, ಮೇಲೆ ಸುಣ್ಣ, ನಾಯಿ ಕೆದರದ ಹಾಗೆ ಮುಳ್ಳು. ಒದ್ದೆ ಮಣ್ಣು ಗೊಬ್ಬರದಲ್ಲಿ ಇದು ವಾರಗಳ, ತಿಂಗಳುಗಳ ಕಾಲ ಬದುಕಿರುತ್ತೆ. ರೊಪ್ಪ ಒಣಗಿಸಿ, ಬಿಸಿಲು ಬೀಳಲಿ.

ಮನೆಯಲ್ಲಿ ಎಮ್ಮೆ ಆಕಳು ಇದ್ರೆ, ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಒಂದೇ ಸಲ ಲಸಿಕೆ ಇದೆ. 2019ರಲ್ಲಿ ಶುರುವಾದ ಕೇಂದ್ರದ ಕಾರ್ಯಕ್ರಮದಲ್ಲಿ ಅದನ್ನ ಹಾಕ್ತಾರೆ. ಕುರಿ ಮೇಕೆ ಅದರಲ್ಲಿ ಸೇರಿಲ್ಲ, ನಮ್ಮ ಜಿಲ್ಲೆಗಳಲ್ಲಿ ಇಷ್ಟೊಂದು ಕುರಿ ಇಟ್ಟುಕೊಂಡು ಇದು ನನಗೆ ಸರಿ ಕಾಣಲ್ಲ. ಆ ಲಸಿಕೆ ಜೀವಂತ ಬ್ಯಾಕ್ಟೀರಿಯಾದ್ದು, ಹಾಕುವಾಗ ಸೂಜಿ ನಮ್ಮ ಕೈಗೆ ಚುಚ್ಚಿದ್ರೆ ನಾವೂ ಡಾಕ್ಸಿ ನುಂಗಬೇಕು. ಕರು ಹಿಡ್ಕೊಳ್ಳೋಕೆ ಮಕ್ಕಳನ್ನ ಕಳಿಸಬೇಡಿ.

ಬೆಣ್ಣೆದೋಸೆ:
ಮಟನ್ ತಿನ್ನಬಹುದಾ ಸರ್? ಭಾನುವಾರ ಹತ್ತಿರ ಬಂತು.

ಚಳ್ಳಕೆರೆ ಡಾಕ್ಟ್ರು (ದನದ್ದು):
ಚೆನ್ನಾಗಿ ಬೆಂದಿದ್ರೆ ತಿನ್ನಿ. ಅಪಾಯ ಕೊಯ್ಯೋ ಕೈಗೆ. ಕಾಯಿಸಿದ ಹಾಲಿನ ಮೊಸರು, ಮಜ್ಜಿಗೆ, ಬೆಣ್ಣೆಗೂ ತೊಂದರೆ ಇಲ್ಲ. ಗಿಣ್ಣು ಚೆನ್ನಾಗಿ ಬೇಯಲಿ.

ಕೋಟೆ ಗಾಳಿ:
ಆ ರೋಸ್ ಬೆಂಗಾಲ್ ಟೆಸ್ಟಿಗೆ ಖಾಲಿ ಹೊಟ್ಟೆಯಲ್ಲಿ ಬರಬೇಕಾ?

ಸ್ಲೈಡ್ ಮತ್ತು ಸಿರಿಂಜ್:
ಬೇಡ ಸರ್, ತಿಂಡಿ ತಿಂದೇ ಬನ್ನಿ. ಸೊಂಟನೋವು ಎಷ್ಟು ದಿನದಿಂದ?

ಕೋಟೆ ಗಾಳಿ:
ದಸರಾದಿಂದ.